ಹನ್ನೊಂದು ಡಬ್ಬಿ, ಒಂದು ಮೂಗು

ಆ ಮನೆಯಲ್ಲಿ ಯಾವ ಕಾಯಿಲೆಯೂ ಅಡುಗೆಮನೆಯ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟುವಂತಿರಲಿಲ್ಲ. ನೆಗಡಿಯಾಗಲಿ, ಅಜೀರ್ಣವಾಗಲಿ, ಬಾಯಿಹುಣ್ಣಾಗಲಿ, ಮೊದಲು ಒಲೆಯ ಬಲಕ್ಕಿದ್ದ ಮರದ ಹಲಗೆಯ ಮುಂದೆ ಹಾಜರಾಗಿ, ಅಲ್ಲಿ ಸಾಲಾಗಿ ಕೂತ ಹನ್ನೊಂದು ಗಾಜಿನ ಡಬ್ಬಿಗಳಿಗೆ ಮುಖ ತೋರಿಸಬೇಕಿತ್ತು. ಹೆಚ್ಚಿನವು ಅಲ್ಲಿಂದಲೇ ವಾಪಸ್ಸಾಗುತ್ತಿದ್ದವು. “ಮೂರು ದಿನ ನನ್ನದು, ಆಮೇಲೆ ಡಾಕ್ಟರದು” ಎಂಬುದು ಅತ್ತೆಯ ಕಾನೂನು. ಅದಕ್ಕೆ ಜೋರು ಜ್ವರ, ಎದೆನೋವು, ರಕ್ತ ಎಂಬ ಮೂರು ವಿನಾಯಿತಿಗಳಿದ್ದವು. ಆ ಮಟ್ಟಿಗೆ ಅವರು ವಿವೇಕಿ.

ಡಬ್ಬಿಗಳ ಮೇಲೆ ಹೆಸರಿರಲಿಲ್ಲ. ಹನ್ನೊಂದರಲ್ಲಿ ಏಳರೊಳಗೆ ಇದ್ದದ್ದು ಪುಡಿ. ಆ ಏಳೂ ಕಂದು, ನಸುಗಂದು, ಅದಕ್ಕಿಂತ ಕೊಂಚ ನಸುಗಂದು. ಅತ್ತೆ ಮುಚ್ಚಳ ತೆಗೆಯುವರು, ಮೂಗಿನ ಹತ್ತಿರ ಹಿಡಿಯುವರು, ಒಮ್ಮೆ ತಲೆಯಾಡಿಸುವರು. ಮುಗಿಯಿತು.

ಸೊಸೆಗೆ ಇದು ಸಹಿಸಲಾಗದ ಸಂಗತಿ. ಅವಳು ಮುಖ್ಯರಸ್ತೆಯ ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವವಳು. ಡಾಕ್ಟರುಗಳ ಕಾಗೆ ಕಾಲು ಗುಬ್ಬಿ ಕಾಲನ್ನು ಓದಿ, ಮಾತ್ರೆಯ ಹಾಳೆಯನ್ನು ಕತ್ತರಿಸಿ, ಲಕೋಟೆಯ ಮೇಲೆ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ದುಂಡಗೆ ಬರೆದು ಕೊಡುವುದು ಅವಳ ವೃತ್ತಿ. ಹೆಸರಿಲ್ಲದ ಡಬ್ಬಿ ಎಂದರೆ ಅವಳ ಪಾಲಿಗೆ ಬಾಗಿಲಿಲ್ಲದ ಬಚ್ಚಲು. ಮದುವೆಯಾದ ಮೊದಲ ವರ್ಷವೇ ಒಂದು ಭಾನುವಾರ ಕೂತು ಹನ್ನೊಂದಕ್ಕೂ ಚೀಟಿ ಬರೆದು ಅಂಟಿಸಿದ್ದಳು. ಸೋಮವಾರ ಸಂಜೆ ಬರುವಷ್ಟರಲ್ಲಿ ಡಬ್ಬಿಗಳೆಲ್ಲ ಬಿಸಿನೀರಿನಲ್ಲಿ ಮಿಂದು ಬೆತ್ತಲೆ ನಿಂತಿದ್ದವು.

“ಯಾಕತ್ತೆ ತೆಗೆದ್ರಿ?”

“ಹೆಸರು ಬರೆದಿಟ್ರೆ ಮೂಗಿಗೆ ಸೋಮಾರಿತನ ಬರುತ್ತಮ್ಮ.”

“ನಾಳೆ ನೀವಿಲ್ಲದಾಗ ಯಾರಿಗಾದ್ರೂ ಬೇಕಾದ್ರೆ?”

“ನಾನೆಲ್ಲಿಗೆ ಹೋಗ್ತೀನಿ? ನಿನ್ನ ಅಂಗಡೀಲಿ ಎರಡೇ ವರ್ಷಕ್ಕೆ ಎಕ್ಸ್‌ಪೈರಿ ಆಗುತ್ತಂತಲ್ಲ ಎಲ್ಲ, ಆ ಕಂಪನಿ ಮಾಲಲ್ಲ ನಾನು.”

ಅದಾಗಿ ಹನ್ನೆರಡು ವರ್ಷ. ಅತ್ತೆಯದು ಹಲಗೆ, ಸೊಸೆಯದು ಬೀರುವಿನ ಮೇಲಿನ ಮಾತ್ರೆ ಡಬ್ಬ. ಎರಡರ ನಡುವೆ ಗಡಿ ಗುರುತಾಗಿತ್ತು. ಗುಂಡು ಹಾರುತ್ತಿರಲಿಲ್ಲ, ಅಷ್ಟೆ.

ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಮೇಲಕ್ಕೂ ಕೆಳಕ್ಕೂ ಓಡಾಡಿ ಬಂದವನಿಗೆ ಮನೆಯಲ್ಲಿ ಯಾವ ಕಡೆಗೂ ಹೋಗುವ ಇಚ್ಛೆಯಿರಲಿಲ್ಲ. ಮಾವ ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಬಸ್ಸು ಹೊರಡಲು ‘ರೈಟ್’, ನಿಲ್ಲಲು ‘ಹೋಲ್ಡಾನ್’ ಎಂದು ಕೂಗಿ ಕೂಗಿ ಬದುಕಿನ ಮಾತಿನ ಕೋಟಾ ಮುಗಿದುಹೋಗಿತ್ತೋ ಏನೋ, ನಿವೃತ್ತರಾದ ದಿನ ಸೀಟಿಯ ಜೊತೆ ಆ ಎರಡು ಪದಗಳನ್ನೂ ಡಿಪೋದಲ್ಲೇ ಒಪ್ಪಿಸಿ ಬಂದು, ಹಜಾರದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತುಬಿಟ್ಟಿದ್ದರು. ಇನ್ನು ಹತ್ತು ವರ್ಷದ ಮಗಳು. ಕೂಸಾಗಿದ್ದಾಗ ಅವಳ ಅಳುವಿನ ರಾಗ ಕೇಳಿ ತಾತ ‘ಪಿಟೀಲು’ ಎಂದು ಕರೆದದ್ದು ಹಾಗೆಯೇ ನಿಂತಿತ್ತು. ಪಿಟೀಲಿಗೆ ಗಣಿತದ ಪರೀಕ್ಷೆಯ ದಿನ ತಪ್ಪದೆ ಹೊಟ್ಟೆನೋವು. ಅದಕ್ಕೆ ಅಜ್ಜಿಯ ಮದ್ದು ಓಮದ ಪುಡಿ ಕದಡಿದ ಬಿಸಿನೀರು, ಖಾರ, ಕಹಿ, ಕಮಟು. “ನಿಜವಾದ ಹೊಟ್ಟೆನೋವು ಕಣ್ಮುಚ್ಚಿಕೊಂಡು ಕುಡಿಯುತ್ತೆ. ಸುಳ್ಳು ಹೊಟ್ಟೆನೋವು ಲೋಟ ನೋಡಿದ ತಕ್ಷಣ ಇಳಿಯುತ್ತೆ” ಎನ್ನುತ್ತಿದ್ದರು ಅತ್ತೆ. ಪಿಟೀಲಿನದು ಹನ್ನೆರಡರಲ್ಲಿ ಹನ್ನೊಂದು ಸಲ ಲೋಟ ನೋಡಿಯೇ ಇಳಿದಿತ್ತು. ಈ ಒಂದು ಮದ್ದಿನ ವಿಷಯದಲ್ಲಿ ಮಾತ್ರ ಸೊಸೆಗೆ ಅತ್ತೆಯ ಮೇಲೆ ಪೂರ್ಣ ಗೌರವವಿತ್ತು.

ಚಳಿ ಶುರುವಾದ ವಾರ ಪಿಟೀಲು ಶಾಲೆಯಿಂದ ಒಂದು ನೆಗಡಿ ತಂದಳು. ಅದು ಮನೆಯಲ್ಲಿ ವಯಸ್ಸಿನ ಗೌರವ ನೋಡದೆ ಒಬ್ಬರಾದ ಮೇಲೊಬ್ಬರನ್ನು ಹಿಡಿಯಿತು. ಅತ್ತೆಗೆ ಅದು ಸುಗ್ಗಿ. ಬೆಳಿಗ್ಗೆ ಉಪ್ಪುನೀರಿನ ಮುಕ್ಕಳಿಕೆ, ಮಧ್ಯಾಹ್ನ ಶುಂಠಿ, ನಿಂಬೆರಸ, ಜೇನು, ಸಂಜೆ ಬಿಸಿನೀರಿನ ಹಬೆ. ಲಿಫ್ಟಿನವನು ಟವೆಲಿನೊಳಗೆ ತಲೆ ತೂರಿಸಿಕೊಂಡು ಅಲ್ಲಿಂದಲೇ ಮಾತಾಡಿದ.

“ಅಮ್ಮಾ, ಔಷಧಿ ತಗೊಂಡ್ರೆ ನೆಗಡಿ ಒಂದು ವಾರ, ತಗೊಳ್ಳದಿದ್ರೆ ಏಳು ದಿನ ಅಂತಾರೆ.”

“ಹಬೆ ತಗೊಂಡ್ರೆ ಆ ಏಳು ದಿನ ನಿದ್ದೆ ಬರುತ್ತೆ. ಬಾಯಿ ಮುಚ್ಚಿ ಮೂಗು ತೆಗಿ.”

ಸೊಸೆ ತನ್ನ ಅಂಗಡಿಯ ಮಾತ್ರೆ ನುಂಗಿದಳು. ಅತ್ತೆ ಕೊಟ್ಟ ಶುಂಠಿಯನ್ನೂ ಕುಡಿದಳು. ಯಾವುದರಿಂದ ಗುಣವಾಯಿತೆಂದು ಇಬ್ಬರೂ ಕೇಳಲಿಲ್ಲ. ಎಲ್ಲರ ನೆಗಡಿಯೂ ಮುಗಿದ ಮೇಲೆ ಕೊನೆಗೆ ಅತ್ತೆಗೆ ಬಂತು, ಬಡ್ಡಿ ಸಮೇತ. ಹತ್ತು ದಿನ ಮಲಗಿದರು. ಆ ಹತ್ತು ದಿನದಲ್ಲಿ ಸೊಸೆ ಅಡುಗೆಮನೆ ತೊಳೆದಳು, ಹಲಗೆ ಒರೆಸಿದಳು, ಹನ್ನೊಂದು ಡಬ್ಬಿಗಳನ್ನೂ ಹೊರಮೈ ಉಜ್ಜಿ ಮತ್ತೆ ಸಾಲಾಗಿ ಇಟ್ಟಳು. ಯಾವುದು ಎಲ್ಲಿತ್ತು ಎಂದು ಗಮನಿಸಲಿಲ್ಲ. ಗಮನಿಸಬೇಕಾದ್ದಾದರೂ ಏನು? ಅತ್ತೆಗೆ ಮೂಗಿತ್ತಲ್ಲ.

ಅತ್ತೆ ಎದ್ದು ಓಡಾಡಲು ಶುರುಮಾಡಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ಮಾವ ತಮ್ಮ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಹಾಕಿಕೊಂಡರು. ಸಿಂಕಿಗೂ ಫ್ರಿಜ್ಜಿಗೂ ನಡುವೆ, ಸರಿಯಾಗಿ ಎಲ್ಲರ ದಾರಿಗೆ ಅಡ್ಡ.

“ಮಾವ, ಹಜಾರದಲ್ಲಿ ಬೆಳಕು ಚೆನ್ನಾಗಿದೆ, ಅಲ್ವಾ?” ಫ್ರಿಜ್ಜಿನ ಬಾಗಿಲು ತೆಗೆಯಲಾಗದೆ ಸೊಸೆ ಕೇಳಿದಳು.

“ಇಲ್ಲಿ ಬೆಚ್ಚಗಿದೆ” ಎಂದರು ಮಾವ, ಕಾಲು ಒಳಕ್ಕೆಳೆದುಕೊಂಡು.

“ಕೂತಿರಲಿ ಬಿಡು” ಎಂದರು ಅತ್ತೆ. ಮೂವತ್ತನಾಲ್ಕು ವರ್ಷ ಅಡುಗೆಮನೆಯೊಳಗೆ ಗಂಡಸರ ನೆರಳು ಬಿದ್ದರೆ ಸೌಟು ಎತ್ತುತ್ತಿದ್ದ ಹೆಂಗಸಿನ ಬಾಯಲ್ಲಿ ಈ ಮಾತು ಕೇಳಿ ಸೊಸೆ ಒಂದು ಕ್ಷಣ ನಿಂತಳು. ಆಮೇಲೆ ಅಂಗಡಿಗೆ ಹೊತ್ತಾಯಿತೆಂದು ನಡೆದಳು.

ಆ ಭಾನುವಾರ ಬಚ್ಚಲಿನಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅವಳ ಕಿವಿಗೆ ಅದು ಬಿತ್ತು. ಅಡುಗೆಮನೆಯಿಂದ ಮಾವನ ಗಂಟಲು, ಮೆಲ್ಲಗೆ: “ಹೋಲ್ಡಾನ್.” ಡಬ್ಬಿಯ ಮುಚ್ಚಳದ ಸದ್ದು. ಮತ್ತೆ: “ಹೋಲ್ಡಾನ್.” ಇನ್ನೊಂದು ಮುಚ್ಚಳ. “ರೈಟ್.”

ಬುಧವಾರ ಮತ್ತೆ ಕೇಳಿತು. ಶುಕ್ರವಾರ ಮಾವ ಎರಡು ಸಲ ಹೋಲ್ಡಾನ್ ಎಂದು, ಎದ್ದು, ಒಲೆಯ ತಿರುಪನ್ನು ತಾವೇ ಮುಟ್ಟಿ ನೋಡಿ, ರೈಟ್ ಎಂದು ಕೂತರು. ಸೊಸೆ ಗಂಡನನ್ನು ತಾರಸಿಗೆ ಕರೆದುಕೊಂಡು ಹೋಗಿ ಒಗೆದ ಬಟ್ಟೆಯ ಮರೆಯಲ್ಲಿ ಹೇಳಿದಳು.

“ರೀ, ಮಾವನಿಗೆ ಅರಳು ಮರಳು ಶುರುವಾಗಿದೆ.”

“ಯಾಕೆ, ಏನಾಯ್ತು?”

“ಅಡುಗೆಮನೇಲಿ ಬಸ್ಸು ಓಡಿಸ್ತಿದ್ದಾರೆ.”

ಅವನು ಕ್ಲಿಪ್ಪು ಹಾಕುತ್ತ ಯೋಚಿಸಿದ. “ಟಿಕೆಟ್ ಕೇಳಿದ್ರಾ?”

“ತಮಾಷೆ ಅಲ್ಲ. ನಮ್ಮ ಅಂಗಡಿಗೆ ಇಂಥವರ ಮಕ್ಕಳು ಬರ್ತಾರೆ. ಹೀಗೇ ಶುರುವಾಗೋದು. ಹಳೇ ಕೆಲಸದ ಮಾತು, ಕೂತ ಜಾಗ ಬಿಡದೇ ಇರೋದು...”

“ನೀನೇ ಒಂದ್ಸಲ ಪರೀಕ್ಷೆ ಮಾಡು. ನಿನಗೆ ಗೊತ್ತಿರುತ್ತಲ್ಲ.”

ಅವಳು ಪರೀಕ್ಷೆ ಮಾಡಿದಳು. ಮಾವ ಬಟಾಣಿ ಸುಲಿಯುತ್ತಿದ್ದರು. ಅಡುಗೆಮನೆಯಲ್ಲಿ ಕೂತಮೇಲೆ ಅತ್ತೆ ಅವರ ಕೈಗೂ ಕೆಲಸ ಹಚ್ಚಿದ್ದರು.

“ಮಾವ, ಇವತ್ತು ಯಾವ ವಾರ?”

“ಯಾಕಮ್ಮ, ರಜ ಬೇಕಾ?”

“ಸುಮ್ನೆ. ನೂರರಲ್ಲಿ ಏಳು ಕಳೆದ್ರೆ?”

“ತೊಂಬತ್ತಮೂರು. ಚಿಲ್ಲರೆ ಇಲ್ಲ, ಇಳಿಯೋವಾಗ ಕೇಳು.”

ಇದು ಕಾಯಿಲೆಯ ಲಕ್ಷಣವೋ ಆರೋಗ್ಯದ ಲಕ್ಷಣವೋ ಎಂದು ನಿರ್ಧರಿಸಲಾಗದೆ ಸೊಸೆ ಅಂಗಡಿಯ ಕಪಾಟಿನಿಂದ ಜ್ಞಾಪಕಶಕ್ತಿಯ ಬಗೆಗಿನ ಒಂದು ಕರಪತ್ರ ತಂದು ಪೇಪರಿನೊಳಗೆ ಇಟ್ಟಳು. ಮಾವ ಅದರ ಮೇಲೆ ಬಟಾಣಿ ಸಿಪ್ಪೆ ಹಾಕಿದರು.

ಮಾವನ ಮೇಲೆ ಕಣ್ಣಿಟ್ಟವಳಿಗೆ ಬೇರೆ ಸಂಗತಿಗಳು ಕಾಣಲಿಲ್ಲ. ಬೀದಿಯ ತುದಿಯಲ್ಲಿದ್ದಾಗಲೇ ‘ನಮ್ಮನೆ ಹಾಲು ತಳ ಹಿಡೀತಿದೆ’ ಎನ್ನುತ್ತಿದ್ದ ಅತ್ತೆ, ಒಲೆಯ ಮುಂದೆಯೇ ನಿಂತು ಒಂದು ಪಾತ್ರೆ ಹಾಲನ್ನು ಕರಕಲು ಮಾಡಿದರು. ಸೊಸೆ ಪಾತ್ರೆ ಉಜ್ಜಿದಳು, ಅಷ್ಟೆ. ಸಾರಿನಲ್ಲಿ ಬೆಳ್ಳುಳ್ಳಿ ಒಂದು ದಿನ ಮೂರು ಪಟ್ಟಾಯಿತು, ಮರುದಿನ ಇಲ್ಲವೇ ಇಲ್ಲ. ನೆಗಡಿಯ ಸುಸ್ತು ಎಂದುಕೊಂಡಳು. ಕಾಯಿಲೆ ಒಬ್ಬರ ಮನೆಯಲ್ಲಿ, ಪಹರೆ ಇನ್ನೊಬ್ಬರ ಬಾಗಿಲಲ್ಲಿ.

ಅಷ್ಟರಲ್ಲಿ ಶಾಲೆಯಿಂದ ಒಂದು ಚೀಟಿ ಬಂತು. ಎರಡು ವಾರದಲ್ಲಿ ನಿಮ್ಮ ಮಗಳು ಮೂರು ಗಣಿತದ ಪರೀಕ್ಷೆ ತಪ್ಪಿಸಿಕೊಂಡಿದ್ದಾಳೆ, ಕಾರಣ ಹೊಟ್ಟೆನೋವು ಎಂದು ತಿಳಿದುಬಂದಿದೆ, ದಯವಿಟ್ಟು ವೈದ್ಯರಿಗೆ ತೋರಿಸಿ.

ಊಟಕ್ಕೆ ಕೂತಾಗ ಸೊಸೆ ಚೀಟಿಯನ್ನು ತಟ್ಟೆಯ ಪಕ್ಕ ಇಟ್ಟಳು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬೇಳೆ. ಆ ದಿನ ಬೆಳ್ಳುಳ್ಳಿ ಇಲ್ಲದ ದಿನ.

“ಅಜ್ಜಿ ಓಮದ ನೀರು ಕೊಡಲಿಲ್ವೇನೇ?”

“ಕೊಟ್ರು” ಎಂದಳು ಪಿಟೀಲು.

“ಕುಡಿದ್ಯಾ?”

“ಪೂರ್ತಿ ಲೋಟ. ಸಿಹಿಯಾಗಿ ಚೆನ್ನಾಗಿತ್ತು. ಇನ್ನೊಂದು ಲೋಟ ಕೇಳ್ದೆ.”

ಲಿಫ್ಟಿನವನು ನಕ್ಕ. ಬೇರೆ ಯಾರೂ ನಗದ್ದನ್ನು ನೋಡಿ ಆಲೂಗಡ್ಡೆಯ ಕಡೆ ತಿರುಗಿದ. ಅತ್ತೆಯ ಕೈ ತಟ್ಟೆಯ ಮೇಲೆ ಹಾಗೇ ನಿಂತಿತ್ತು.

“ಸಿಹಿ ಅಂದ್ರೆ ಸೋಂಪು” ಎಂದಳು ಸೊಸೆ. “ಏನತ್ತೆ ಇದು? ಸುಳ್ಳು ಹೊಟ್ಟೆನೋವಿಗೆ ಸೋಂಪಿನ ಪಾನಕ ಮಾಡಿ ಕೊಟ್ರೆ ಅದು ವಾಸಿ ಆಗುತ್ತಾ, ಮನೆ ಮಾಡುತ್ತಾ?”

ಅತ್ತೆ ಒಂದು ಗುಟುಕು ನೀರು ಕುಡಿದರು. “ಹೌದು. ಸೋಂಪೇ ಕೊಟ್ಟೆ. ಬೇಕು ಅಂತಲೇ ಕೊಟ್ಟೆ.”

“ಬೇಕು ಅಂತ?”

“ಮಗು ನಾಲ್ಕು ದಿನ ಲೆಕ್ಕ ಮಾಡದಿದ್ರೆ ಪ್ರಪಂಚ ಮುಳುಗಲ್ಲ.”

“ನೀವಾ ಈ ಮಾತಾಡೋದು? ನಿಮ್ಮ ಮಗ ಕಾಲು ಮುರ್ಕೊಂಡಾಗ ಹೆಗಲ ಮೇಲೆ ಹೊತ್ಕೊಂಡು ಹೋಗಿ ಪರೀಕ್ಷೆಗೆ ಕೂರಿಸಿದ್ರಂತೆ!”

“ಅದಕ್ಕೇ ಇವನು ಲಿಫ್ಟು ರಿಪೇರಿ ಮಾಡ್ತಿದ್ದಾನೆ, ಏನು ದೊಡ್ಡ ಸಾಧನೆ.”

“ಅಮ್ಮಾ, ನನ್ನನ್ಯಾಕೆ ಎಳೀತೀಯ?” ಎಂದ ಲಿಫ್ಟಿನವನು.

ಮಾವ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಅವರ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡಿತು.

“ಸರಿ ಅತ್ತೆ” ಎಂದಳು ಸೊಸೆ, ತಟ್ಟೆ ಎತ್ತಿಕೊಂಡು. “ಇನ್ಮೇಲೆ ನನ್ನ ಮಗಳಿಗೆ ಆ ಹಲಗೆಯಿಂದ ಏನೂ ಕೊಡಬೇಡಿ. ಒಂದು ಚಿಟಿಕೆ ಉಪ್ಪೂ ಬೇಡ.”

ಹನ್ನೆರಡು ವರ್ಷದಲ್ಲಿ ಗಡಿ ದಾಟಿದ ಮೊದಲ ಗುಂಡು. ಅತ್ತೆ ತಿರುಗಿ ಹೊಡೆಯಲಿಲ್ಲ. ಅದು ಸೊಸೆಗೆ ಗುಂಡಿಗಿಂತ ಹೆಚ್ಚು ತಾಗಿತು. ಪಾತ್ರೆ ತೊಳೆಯುವಾಗ ಎರಡು ಸಲ ತಿರುಗಿ ನೋಡಿದಳು. ಅತ್ತೆ ಡಬ್ಬಿಗಳ ಕಡೆ ಬೆನ್ನು ಮಾಡಿ ನಿಂತು ಮೇಜು ಒರೆಸುತ್ತಿದ್ದರು, ಒರೆಸಿದ ಜಾಗವನ್ನೇ ಮತ್ತೆ.

ಮುಂದಿನ ಎರಡು ವಾರ ಮನೆ ಮಾತ್ರೆಯ ಮೇಲೆ ನಡೆಯಿತು. ಲಿಫ್ಟಿನವನ ಎದೆಯುರಿಗೆ ಮಾತ್ರೆ, ಪಿಟೀಲಿನ ಕೆಮ್ಮಿಗೆ ಸಿರಪ್ಪು. ಅತ್ತೆ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ಬೇಯಿಸಿ, ಬಡಿಸಿ, ತೆಪ್ಪಗಿದ್ದರು. ಗೆದ್ದವರ ಮನೆಯಲ್ಲಿ ಇಷ್ಟೊಂದು ಮೌನ ಇರಬಾರದು ಎಂದು ಸೊಸೆಗೆ ಅನ್ನಿಸಿತು, ಆದರೆ ಗೆಲುವು ಯಾರಿಗೆ ತಾನೆ ಬೇಡ.

ಅಂಗಡಿಯಲ್ಲಿ ದಾಸ್ತಾನು ಎಣಿಸುವ ದಿನ ಅವಳಿಗೆ ಮಧ್ಯಾಹ್ನವೇ ಬಿಡುವು ಸಿಕ್ಕಿತು. ಮಾವ ಕ್ಷೌರಕ್ಕೆ ಹೋಗುತ್ತಿದ್ದವರು ಬೀದಿಯ ತಿರುವಿನಲ್ಲಿ ಎದುರಾದರು. “ಬೇಗ ಬಂದ್ಯಲ್ಲ, ಒಳ್ಳೇದಾಯ್ತು” ಎಂದರು. ಅವರ ಮುಖದಲ್ಲಿ ಏನೋ ಹಗುರಾದ ಹಾಗಿತ್ತು. ಕ್ಷೌರಕ್ಕೆ ಹೋಗುವವರಿಗೆ ಸೊಸೆ ಬೇಗ ಬಂದದ್ದರಿಂದ ಏನು ಹಗುರ ಎಂದು ಯೋಚಿಸುತ್ತ ಅವಳು ಮೆಟ್ಟಿಲು ಹತ್ತಿದಳು.

ಎರಡನೆಯ ಮಹಡಿಯ ತಿರುವಿನಲ್ಲೇ ವಾಸನೆ ಬಂತು. ಬಾಗಿಲು ತೆಗೆದಾಗ ಮುಖಕ್ಕೆ ಬಡಿಯಿತು. ಗ್ಯಾಸು.

ಅಡುಗೆಮನೆಯಲ್ಲಿ ಅತ್ತೆ ಒಲೆಯ ಮುಂದೆ ನಿಂತಿದ್ದರು. ಹಿಂದಿನ ಬರ್ನರಿನ ಮೇಲಿದ್ದ ಪಾತ್ರೆಯಿಂದ ಬೇಳೆ ಉಕ್ಕಿ ಉರಿ ಆರಿಸಿತ್ತು. ತಿರುಪು ತೆರೆದೇ ಇತ್ತು. ಅತ್ತೆ ಮುಂದಿನ ಬರ್ನರಿನ ಮೇಲೆ ಚಹಾದ ನೀರಿಟ್ಟು, ಬೆಂಕಿಕಡ್ಡಿಯನ್ನು ಪೆಟ್ಟಿಗೆಯ ಪಕ್ಕೆಗೆ ತಾಗಿಸಿ ಹಿಡಿದಿದ್ದರು.

ಸೊಸೆಯ ಬಾಯಿಗೆ ಅತ್ತೆ ಎಂಬ ಪದ ಬರಲಿಲ್ಲ, ಬೇಡ ಎಂಬ ಪದವೂ ಬರಲಿಲ್ಲ. ಬಂದದ್ದು: “ಹೋಲ್ಡಾನ್!”

ಅತ್ತೆಯ ಕೈ ತಕ್ಷಣ ನಿಂತಿತು. ಬೆಚ್ಚಿಬಿದ್ದು ನಿಂತದ್ದಲ್ಲ, ರೂಢಿಯಿಂದ ನಿಂತದ್ದು. ಮೂವತ್ತು ವರ್ಷ ಒಂದೇ ರೂಟಿನಲ್ಲಿ ಓಡಿದ ಡ್ರೈವರಿನ ಕಾಲು ಬ್ರೇಕಿನ ಮೇಲೆ ಬೀಳುವ ಹಾಗೆ. ಅವರು ಕಡ್ಡಿಯನ್ನು ಕೆಳಗಿಟ್ಟು, ಹಿಂದೆ ತಿರುಗದೆ ಕೇಳಿದರು:

“ಯಾವುದು? ಹಿಂದಿನದಾ?”

ಸೊಸೆ ತಿರುಪು ಮುಚ್ಚಿದಳು, ಸಿಲಿಂಡರಿನ ಕೀಲಿ ಮುಚ್ಚಿದಳು, ಸ್ವಿಚ್ಚು ಯಾವುದನ್ನೂ ಮುಟ್ಟದೆ ಎರಡು ಕಿಟಕಿಗಳನ್ನೂ ತೆರೆದಳು. ಅತ್ತೆಯ ಕೈ ಹಿಡಿದು ಮೆಟ್ಟಿಲ ಮೇಲೆ ಕರೆತಂದು ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತಳು.

“ಎಷ್ಟು ದಿನದಿಂದ ಅತ್ತೆ?”

“ನೆಗಡಿ ಹೋದಾಗಿಂದ. ನೆಗಡಿ ಹೋಯ್ತು, ಹೋಗೋವಾಗ ಮೂಗನ್ನೂ ತಗೊಂಡು ಹೋಯ್ತು.”

“ಏನೂ ಬರಲ್ವಾ? ಈಗ ಇಷ್ಟೊಂದು ಗ್ಯಾಸು...”

“ಕಲ್ಲು ಮೂಸಿದ ಹಾಗೆ. ಕಾಫಿಪುಡಿ, ಸೋಪು, ನಿನ್ನ ಮಗಳ ತಲೆ, ಎಲ್ಲ ಒಂದೇ.”

ಕೆಳಗಿನ ಮನೆಯಲ್ಲಿ ಯಾರೋ ರೇಡಿಯೋ ಹಾಕಿದರು. ಸೊಸೆ ಐದು ವಾರಗಳನ್ನು ಹಿಂದಕ್ಕೆ ಎಣಿಸಿದಳು: ಹಾಲು, ಬೆಳ್ಳುಳ್ಳಿ, ಕುರ್ಚಿ. “ಮಾವನಿಗೆ ಗೊತ್ತು.”

“ಅವರಿಗೆ ಹೇಳದೆ ಇರೋಕಾಗತ್ತಾ? ಕೆಮ್ಮಿಗೆ ಶುಂಠಿ ಕೇಳಿದ್ರು, ನಾನು ಲವಂಗ ಕೊಟ್ಟೆ. ಎರಡು ದಿನ ಕುಡಿದ್ರು ಪಾಪ, ಮೂರನೇ ದಿನ ಕುರ್ಚಿ ತಂದ್ರು.”

“ಪಿಟೀಲಿಗೆ ಕೊಟ್ಟಾಗ ಅವರಿರಲಿಲ್ವಾ?”

“ಏಳೂವರೆಗೆ ಹಾಲು ತರೋಕೆ ಹೋಗ್ತಾರಲ್ಲ. ಅವಳಿಗೆ ಹೊಟ್ಟೆನೋವು ಬರೋದೂ ಏಳೂವರೆಗೇ. ಓಮ ಯಾವಾಗಲೂ ಎಡಗಡೆಯಿಂದ ನಾಲ್ಕನೇದು. ಈಗ ನಾಲ್ಕನೇದು ಸೋಂಪು.”

ಅತ್ತೆ ಇದನ್ನು ಆರೋಪವಾಗಿ ಹೇಳಲಿಲ್ಲ. ಸೊಸೆಗೆ ಡಬ್ಬಿ ಒರೆಸಿದ್ದು ನೆನಪಾಯಿತು.

“ಅವತ್ತು ಊಟದ ಹೊತ್ತಲ್ಲಿ ಹೇಳಬಹುದಿತ್ತಲ್ಲ ಅತ್ತೆ. ನಾನು ಅಷ್ಟೊಂದು ಮಾತಾಡಿದೆ.”

“ಮುದ್ದು ಮಾಡಿ ಕೆಡಿಸಿದ ಅಜ್ಜಿ ಅಂದ್ರೆ ಮನೇಲಿ ಇಟ್ಕೋತಾರೆ. ಓಮ ಯಾವುದು ಸೋಂಪು ಯಾವುದು ಗೊತ್ತಾಗದ ಅಜ್ಜಿ ಅಂದ್ರೆ ಮೂಲೇಲಿ ಕೂರಿಸಿಬಿಡ್ತಾರೆ.” ಅವರು ಸೆರಗಿನ ಮೇಲಿದ್ದ ಬೇಳೆಕಾಳು ಒಂದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. “ಅವನಿಗೆ ಹೇಳ್ತೀಯಾ?”

“ಹೇಳಲೇಬೇಕು. ಇದು ಸೋಂಪಲ್ಲ ಅತ್ತೆ, ಗ್ಯಾಸು. ಪಿಟೀಲು ಮೂರೂವರೆಗೆ ಬಂದು ಇಲ್ಲೇ ಇರ್ತಾಳೆ.”

“ಹಾಗಾದ್ರೆ ಕೂರಿಸ್ತಾನೆ” ಎಂದರು ಅತ್ತೆ.

ಅವರ ಮಗನನ್ನು ಅವರಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಸಂಜೆ ಊಟಕ್ಕೆ ಕೂತಾಗ ಸೊಸೆ ಹೇಳಿ ಮುಗಿಸುವಷ್ಟರಲ್ಲಿ ಲಿಫ್ಟಿನವನ ಮುಖ ಬಿಳಿಚಿಕೊಂಡು, ಆಮೇಲೆ ಕೆಂಪಾಗಿ, ಕೊನೆಗೆ ತೀರ್ಪಿನ ಬಣ್ಣಕ್ಕೆ ಬಂತು.

“ಇನ್ಮೇಲೆ ಅಮ್ಮ ಒಲೆ ಹತ್ರ ಹೋಗೋದು ಬೇಡ. ಬೆಳಿಗ್ಗೆ ನೀನು ಮಾಡಿಟ್ಟು ಹೋಗು. ಪಿಟೀಲು ಶಾಲೆ ಬಿಟ್ಟ ಮೇಲೆ ಎದುರುಮನೇಲಿರಲಿ. ಆ ಡಬ್ಬಿಗಳನ್ನೆಲ್ಲ ನಾಳೆನೇ ಎಸೆದುಬಿಡೋಣ. ಯಾವತ್ತೋ ಎಸೀಬೇಕಿತ್ತು, ನೀನೇ ಹೇಳ್ತಿದ್ದೆಯಲ್ಲ?”

ಹನ್ನೆರಡು ವರ್ಷ ಬೇಡಿದ್ದ ತೀರ್ಪು ತಟ್ಟೆಯಲ್ಲಿ ಬಡಿಸಿದ ಹಾಗೆ ಎದುರಿಗೆ ಬಂದಿತ್ತು. ಅತ್ತೆ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ರುಚಿಯೂ ವಾಸನೆಯೂ ಇಲ್ಲದ ಅದನ್ನು ಐದು ವಾರದಿಂದ ಹೀಗೇ ನುಂಗುತ್ತಿದ್ದರು ಎಂದು ಸೊಸೆಗೆ ಆಗ ಹೊಳೆಯಿತು.

“ಲಿಫ್ಟು ಕೆಟ್ಟರೆ ಕಟ್ಟಡ ಕೆಡವ್ತೀರಾ?” ಎಂದಳು.

“ಏನು?”

“ಕೇಳ್ದೆ. ಲಿಫ್ಟು ಕೆಟ್ಟು ನಿಂತ್ರೆ ಏನ್ಮಾಡ್ತೀರಿ?”

“ಬೋರ್ಡು ಹಾಕ್ತೀವಿ. ಅಲಾರಂ ನೋಡ್ತೀವಿ. ರಿಪೇರಿ ಮಾಡ್ತೀವಿ.”

“ಅದನ್ನೇ ಮಾಡಿ. ಗ್ಯಾಸು ಸೋರಿದ್ರೆ ಕೂಗೋ ಅಲಾರಂ ಸಿಗುತ್ತೆ, ನಾಳೆ ತಂದು ಹಾಕಿ. ಅದು ಬರೋವರೆಗೆ ಮಾವನೋ ನಾನೋ ಇಲ್ಲದೆ ಒಲೆ ಹಚ್ಚೋದು ಬೇಡ. ಮೂಗಿನ ಡಾಕ್ಟರಿಗೆ ನಾನು ತೋರಿಸ್ತೀನಿ.”

“ಮತ್ತೆ ಡಬ್ಬಿ?”

“ಡಬ್ಬಿ ವಿಷಯ ನನಗೂ ಅತ್ತೆಗೂ ಬಿಡಿ. ಹನ್ನೆರಡು ವರ್ಷದ ಜಗಳ, ಮಧ್ಯೆ ಬಂದು ನೀವು ಗೆಲ್ಲೋದು ಬೇಡ.”

ಮಾವ ಗಂಟಲು ಸರಿಮಾಡಿಕೊಂಡರು. “ಹಾಲು ನಾನು ಆರೂವರೆಗೇ ತರ್ತೀನಿ” ಎಂದರು. ಅವರ ಮಟ್ಟಿಗೆ ಅದು ಭಾಷಣ.

“ಅಪ್ಪನಿಗೆ ಅರಳು ಮರಳು ಅಂದ್ಯಲ್ಲ” ಎಂದು ಲಿಫ್ಟಿನವನು ಹೆಂಡತಿಯ ಕಡೆ ತಿರುಗಿದ.

“ಓಹೋ” ಎಂದರು ಮಾವ. “ಅದಕ್ಕಾ ನೂರರಲ್ಲಿ ಏಳು ಕಳೆಸಿದ್ದು.”

ಮೂಗಿನ ಡಾಕ್ಟರು ಅತ್ತೆಯ ಮೂಗಿನೊಳಗೆ ದೀಪ ಬಿಟ್ಟು ನೋಡಿದರು. ಗಡ್ಡೆ ಗಿಡ್ಡೆ ಏನಿಲ್ಲ, ನೆಗಡಿ ಹೋಗುವಾಗ ವಾಸನೆಯ ನರಕ್ಕೆ ಪೆಟ್ಟು ಕೊಟ್ಟು ಹೋಗಿದೆ, ಹೀಗಾಗುವುದುಂಟು ಎಂದರು. ಬರಬಹುದು, ಮೂರು ತಿಂಗಳೋ ಆರು ತಿಂಗಳೋ. ಬರದೆಯೂ ಇರಬಹುದು.

“ಮಾತ್ರೆ, ಡಾಕ್ಟ್ರೇ?” ಎಂದು ಸೊಸೆ ಪೆನ್ನು ತೆಗೆದಳು.

“ಮಾತ್ರೆ ಏನೂ ಬೇಡ. ಮನೇಲಿ ಲವಂಗ ಇದೆಯಾ? ನಿಂಬೆಹಣ್ಣಿನ ಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆ? ಬೆಳಿಗ್ಗೆ ಸಂಜೆ ಒಂದೊಂದನ್ನೂ ಇಪ್ಪತ್ತು ಎಣಿಸೋವರೆಗೆ ಮೂಸಿ ನೋಡಿ. ಮೂಸೋವಾಗ ಅದು ಮೊದಲು ಹೇಗಿತ್ತು ಅಂತ ನೆನಪು ಮಾಡ್ಕೊಳ್ಳಿ. ಬಿಡದೆ ಮಾಡಬೇಕು.”

ಮೆಟ್ಟಿಲು ಇಳಿಯುವಾಗ ಅತ್ತೆಗೆ ತಡೆಯಲಾಗಲಿಲ್ಲ.

“ಲವಂಗ ಮೂಸಿ ಅಂತ ಹೇಳೋಕೆ ಇವರು ಎಷ್ಟು ವರ್ಷ ಓದಿದ್ರಂತೆ?”

“ಎಲ್ಲ ಸೇರಿ ಹನ್ನೊಂದು ವರ್ಷ ಇರಬೇಕತ್ತೆ.”

“ಡಬ್ಬಿಗೊಂದು ವರ್ಷ” ಎಂದರು ಅತ್ತೆ. ಆ ಸೋಂಪಿನ ಜಗಳವಾದ ಮೇಲೆ ಅದು ಅವರ ಮೊದಲ ಕೊಂಕು. ಸೊಸೆಗೆ ಸಮಾಧಾನವಾಯಿತು.

ಭಾನುವಾರ ಇಬ್ಬರೂ ಹಲಗೆಯ ಮುಂದೆ ಕೂತರು. “ಹೆಸರು ಬರೀತೀನಿ ಅತ್ತೆ. ಇದೊಂದು ನಾನು ಬಿಡಲ್ಲ” ಎಂದಳು ಸೊಸೆ.

“ಬರಿ. ಆದ್ರೆ ನಾನು ಹೇಳಿದ ಹಾಗೆ ಬರಿ. ಮೊದಲು ಯಾವುದು ಯಾವುದು ಅಂತ ಮೂಸಿ ಹೇಳು.”

ಔಷಧಿ ಅಂಗಡಿಯವಳ ಮೂಗು ಅಷ್ಟು ದಿನ ಸ್ಪಿರಿಟ್ಟಿನ ವಾಸನೆಯಲ್ಲಿ ನಿದ್ದೆ ಮಾಡಿತ್ತು. ಅವಳು ಮೂರು ಡಬ್ಬಿ ಮೂಸಿ ಮೂರನ್ನೂ ಜೀರಿಗೆ ಎಂದಳು.

“ನಿನ್ನ ಮೂಗು ಇದ್ದೂ ಹೀಗಾ? ನೋಡು, ಉಸಿರು ಎಳೆದ ತಕ್ಷಣ ಗಂಟಲಿಗೆ ಚುರುಕ್ ಅಂದ್ರೆ ಓಮ. ಮೂಗಿನ ತುದೀಲೇ ನಿಂತು ತಣ್ಣಗೆ ಸಿಹಿ ಅಂದ್ರೆ ಸೋಂಪು. ಎರಡೂ ಅಲ್ಲ, ಹಸಿವಾಯ್ತು ಅಂದ್ರೆ ಜೀರಿಗೆ.”

ಚೀಟಿಗಳು ಸಿದ್ಧವಾದವು. ಬರವಣಿಗೆ ಸೊಸೆಯದು, ಮಾತು ಅತ್ತೆಯದು. ‘ಒಣಶುಂಠಿ: ಕೆಮ್ಮಿಗೆ, ಕಾಲು ಚಮಚ, ಜೇನಿನಲ್ಲಿ. ಮೂರು ದಿನಕ್ಕೆ ನಿಲ್ಲದಿದ್ದರೆ ಡಾಕ್ಟರು.’ ‘ಲವಂಗ: ಹಲ್ಲುನೋವಿಗೆ. ಒಂದು ರಾತ್ರಿಗೆ ಮಾತ್ರ, ಹಲ್ಲು ಕೀಳಿಸಲು ಹೆದರುವವರಿಗೆ.’ ‘ಸೋಂಪು: ಊಟ ಹೆಚ್ಚಾದವರಿಗೆ.’ ‘ಓಮ: ಹೊಟ್ಟೆನೋವಿಗೆ. ನಿಜದ್ದಕ್ಕೂ ಸುಳ್ಳಿನದಕ್ಕೂ.’ ಪಿಟೀಲು ಬಾಗಿಲಲ್ಲಿ ನಿಂತು ಎಲ್ಲವನ್ನೂ ಓದಿದಳು. ಅವಳು ಅಕ್ಷರದಲ್ಲಿ ಚುರುಕು, ಕೊರತೆ ಅಂಕಿಯಲ್ಲಿ ಮಾತ್ರ.

ಲಿಫ್ಟಿನವನು ಅಲಾರಂ ಹಾಕಿದ. ಅದು ಮೊದಲ ವಾರ ಅಗರಬತ್ತಿಗೂ ಕೂಗಿತು, ಈರುಳ್ಳಿಗೂ ಕೂಗಿತು. ಅಲಾರಂ ಬಂದರೂ ಮಾವನ ಕುರ್ಚಿ ಫ್ರಿಜ್ಜಿನ ಮುಂದೆಯೇ ಉಳಿಯಿತು. ಬೆಳಿಗ್ಗೆ ಸಂಜೆ ಅತ್ತೆ ಕಣ್ಣು ಮುಚ್ಚಿ ಕೂತರೆ, ಸೊಸೆ ಅಂಗಡಿಯಿಂದ ತಂದ ನಾಲ್ಕು ಪುಟ್ಟ ಸೀಸೆಗಳನ್ನು ಮಾವ ಒಂದೊಂದಾಗಿ ಮೂಗಿಗೆ ಹಿಡಿಯುವರು.

“ನಿಂಬೆ?”

“ಹೋಲ್ಡಾನ್.”

“ಗುಲಾಬಿ.”

“ಹೋಲ್ಡಾನ್.”

“ಸುಮ್ನೆ ಒಂದ್ಸಲ ರೈಟ್ ಅನ್ನಬಾರದೇನ್ರಿ, ಹೆಂಡತಿ ಅಂತಾದ್ರೂ?”

“ಟಿಕೆಟ್ ಇಲ್ಲದೆ ಯಾರನ್ನೂ ಹತ್ತಿಸಲ್ಲ” ಎಂದರು ಮಾವ.

ಹೀಗೆ ವಾರಗಳು ಕಳೆದವು. ಏಳನೆಯ ವಾರ ಲವಂಗ ಮೂಸಿದ ಅತ್ತೆ, ಸುಟ್ಟ ಟೈರಿನ ಹಾಗೆ ಏನೋ ಬರ್ತಿದೆ ಎಂದು ಮುಖ ಕಿವುಚಿದರು. ಸೊಸೆ ಕುಣಿಯುವುದೊಂದು ಬಾಕಿ. ಮರುದಿನ ಅದೂ ಇರಲಿಲ್ಲ. ಮಾವ ಮತ್ತೆ ನಿಂಬೆಯ ಸೀಸೆಯಿಂದ ಶುರುಮಾಡಿದರು.

ಒಂದು ಗುರುವಾರ ಏಳೂವರೆಗೆ, ಶಾಲೆಯಲ್ಲಿ ಭಿನ್ನರಾಶಿಯ ಪರೀಕ್ಷೆಯಿದ್ದ ದಿನ, ಅಡುಗೆಮನೆಯ ಬಾಗಿಲಲ್ಲಿ ರಾಗ ಶುರುವಾಯಿತು.

“ಅಜ್ಜೀ... ಹೊಟ್ಟೇ...”

ಸೊಸೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ಲಿಫ್ಟಿನವನು ಶೂ ಕಟ್ಟುತ್ತಿದ್ದ. ಮಾವ ಕುರ್ಚಿಯಲ್ಲಿ ಪೇಪರು ಹಿಡಿದಿದ್ದರು. ಅತ್ತೆ ಸೊಸೆಯ ಕಡೆ ನೋಡಿದರು. ಸೊಸೆ ಬೆಣ್ಣೆಯ ಚಾಕುವಿನಿಂದಲೇ ಹಲಗೆಯ ಕಡೆ ತೋರಿಸಿದಳು, ಕೊಡಿ ಎಂದು. ಅತ್ತೆ ಕನ್ನಡಕ ಹಾಕಿಕೊಂಡು ಚೀಟಿಗಳನ್ನು ಓದುತ್ತ ಹೋಗಿ ‘ಓಮ’ ಎಂದಿದ್ದ ಡಬ್ಬಿ ತೆಗೆದರು. ಲೋಟಕ್ಕೆ ಬಿಸಿನೀರು ಬಗ್ಗಿಸಿದರು. ಮುಚ್ಚಳ ತೆಗೆದು, ಹಳೆಯ ಚಾಳಿ, ಒಮ್ಮೆ ಮೂಗಿನ ಹತ್ತಿರ ಹಿಡಿದರು.

ಅಲ್ಲೇ ನಿಂತರು.

ಮತ್ತೆ ಮೂಸಿದರು. ಮುಚ್ಚಳ ಮುಚ್ಚಿದರು. ಪಕ್ಕದ ‘ಸೋಂಪು’ ಡಬ್ಬಿ ತೆಗೆದು ಮೂಗಿಗೆ ಹಿಡಿದು ಉಸಿರೆಳೆದರು. ಕುತ್ತಿಗೆ ಒಂದಿಷ್ಟು ಹಿಂದಕ್ಕೆ ಹೋಯಿತು, ಕಣ್ಣಿನ ತುದಿಯಲ್ಲಿ ನೀರು ಬಂತು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಎರಡೂ ಚೀಟಿಗಳ ಅಂಚನ್ನು ಉಗುರಿನಿಂದ ಕೆರೆದು ನೋಡಿದರು.

“ಈ ಅಂಟು ನಿನ್ನ ಅಂಗಡೀದಲ್ಲ” ಎಂದರು ಸೊಸೆಗೆ. “ಇದು ಶಾಲೆಯ ಗೋಂದು.”

ಬೆಣ್ಣೆಯ ಚಾಕು ಬ್ರೆಡ್ಡಿನ ಮೇಲೆ ನಿಂತಿತು. ಚೀಟಿ ಅದಲುಬದಲಾದದ್ದು ಅಂಗಡಿಯವಳ ಕಣ್ಣಿಗೆ ಬಿದ್ದಿರಲಿಲ್ಲ. ಹಾಗಾದರೆ ಅತ್ತೆಗೆ ಹೇಗೆ... ಎಂದುಕೊಳ್ಳುವಷ್ಟರಲ್ಲಿ ಅವಳು ಕೇಳಿದ್ದಾಗಿತ್ತು: “ಅತ್ತೆ, ಗಂಟಲಿಗೆ?”

“ಚುರುಕ್ ಅಂತು” ಎಂದರು ಅತ್ತೆ. “ಎಲ್ಲೋ ದೂರದಿಂದ. ಮೂರನೇ ಬೀದೀಲಿ ಯಾರೋ ಓಮ ಹುರಿದ ಹಾಗೆ.”

“ಅಜ್ಜಿ, ನನಗೆ ಹೊಟ್ಟೆನೋವು ಹೋಯ್ತು” ಎಂದಳು ಪಿಟೀಲು, ಚೀಲ ಹೆಗಲಿಗೇರಿಸುತ್ತ.

“ಹೋಗಲಿ” ಎಂದು ಅತ್ತೆ ‘ಸೋಂಪು’ ಚೀಟಿಯ ಡಬ್ಬಿಯಿಂದಲೇ ಓಮ ತೆಗೆದು ಲೋಟಕ್ಕೆ ಕದಡಿದರು. “ಇದು ಮುಂದಿನ ವಾರದ್ದು. ಬಾ, ಕುಡಿ.”

ಪಿಟೀಲು ಅಪ್ಪನ ಕಡೆ ನೋಡಿದಳು. ಅಪ್ಪ ಶೂ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಅಮ್ಮನ ಕಡೆ ನೋಡಿದಳು. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಮೂಗೊರೆಸಿಕೊಳ್ಳುತ್ತಿದ್ದಳು, ನೆಗಡಿಯಿಲ್ಲದೆ. ಬೇರೆ ಆಶ್ರಯವಿಲ್ಲದೆ ಕಣ್ಣು ಮುಚ್ಚಿ ಪೂರ್ತಿ ಲೋಟ ಕುಡಿದಳು.

“ರೈಟ್” ಎಂದರು ಮಾವ. ಪೇಪರು ಮಡಚಿ, ಎದ್ದು, ಕುರ್ಚಿಯ ಬೆನ್ನು ಹಿಡಿದು ಹಜಾರದ ಕಡೆಗೆ ಎತ್ತಿಕೊಂಡು ಹೊರಟರು. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

“ಹೋಲ್ಡಾನ್” ಎಂದರು ಅತ್ತೆ, ಲೋಟ ತೊಳೆಯುತ್ತ, ತಿರುಗಿಯೂ ನೋಡದೆ. “ಬಟಾಣಿ ಯಾರು ಸುಲೀತಾರೆ?”

ಮಾವ ಕುರ್ಚಿ ವಾಪಸ್ಸು ತಂದು ಸಿಂಕಿಗೂ ಫ್ರಿಜ್ಜಿಗೂ ನಡುವೆ, ಅದೇ ಜಾಗದಲ್ಲಿ ಇಟ್ಟರು. ಸೊಸೆ ಫ್ರಿಜ್ಜಿನ ಬಾಗಿಲನ್ನು ತೆಗೆಯಲಾಗುವಷ್ಟು ತೆಗೆದು, ಸಂದಿನಲ್ಲಿ ಕೈ ತೂರಿಸಿ, ಬಟಾಣಿಯ ಚೀಲ ಎಳೆದು ಅವರ ಮಡಿಲಿಗೆ ಹಾಕಿದಳು.